ದಾನ, ಡೊನೇಷನ್ ಮತ್ತು ಕೆಡುವ ಕಬ್ಬಿಣ

(ಬಾನುಲಿ ಭಾಷಣ)

ಸಂಸ್ಕೃತದ ‘ದಾನ’ ಎಂಬ ಮಾತೂ ಇಂಗ್ಲಿಷಿನ ‘ಡೊನೇಷನ್’ ಎಂಬ ಮಾತೂ ಒಂದೇ ಬುಡದಿಂದ ಒಡೆದ ಎರಡು ಕೊಂಬೆಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕೊಡುವುದು ಎಂಬ ಅರ್ಥದ ಮೂಲಧಾತು ಪೂರ್ವಕ್ಕೆ ಬಂದು ದಾನವಾಯಿತು. ಪಶ್ಚಿಮಕ್ಕೆ ಹೋಗಿ ಲ್ಯಾಟಿನ್ನಿನಲ್ಲಿ ‘ದೋನುಂ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಇಳಿದು ಡೊನೇಷನ್ ಆಯಿತು. ಸಾವಿರಾರು ವರ್ಷಗಳ ಹಿಂದೆ ಬೇರೆಯಾದ ಈ ದಾಯಾದಿಗಳು ನಮ್ಮ ಕರ್ನಾಟಕದಲ್ಲಿ ಮತ್ತೆ ಕೂಡಿದರು. ಆದರೆ ಕೂಡಿದ ಮೇಲೆ ಒಬ್ಬರ ಮುಖವನ್ನೊಬ್ಬರು ನೋಡದಂತಾಗಿದೆ. ದಾನವೆಂದರೆ ಕೊಡುವವನು ಮನಸಾರೆ ಕೊಡುವುದು. ಡೊನೇಷನ್ ಎಂದರೆ ಮಗನಿಗೋ ಮಗಳಿಗೋ ಒಂದು ಸೀಟು ಸಿಗಲೆಂದು ತಂದೆ ಹೊಲ ಮಾರಿ, ತಾಯಿ ಒಡವೆ ಅಡವಿಟ್ಟು, ರಶೀದಿಯಿಲ್ಲದೆ ಎಣಿಸುವುದು.

ಈ ಎರಡನೆಯ ಅರ್ಥದ ಡೊನೇಷನ್ನನ್ನು ತಡೆಯಲು ಕರ್ನಾಟಕದ ಶಾಸನಸಭೆ 1984ರಲ್ಲಿಯೇ ಒಂದು ಕಾಯಿದೆಯನ್ನು ಮಾಡಿತು. 1992ರಲ್ಲಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ಸರ್ಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹೀಗೆ ತಲೆಗಿಷ್ಟೆಂದು ಹಣ ಕೇಳುವುದು ವಿದ್ಯೆಯ ಹಕ್ಕಿಗೆ ವಿರುದ್ಧವೆಂದು ತೀರ್ಪಿತ್ತಿತು. ಕಾಯಿದೆ ಬಂತು, ತೀರ್ಪು ಬಂತು. ಮಾತಿಗೆ ಹತ್ತಿದ ಮಸಿ ಮಾತ್ರ ಹೋಗಲಿಲ್ಲ. ಇಂದಿಗೂ ಎಂಜಿನಿಯರಿಂಗ್ ಕಾಲೇಜು, ಡೊನೇಷನ್ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಆಡಿದರೆ ಕೇಳಿದವರು ಹುಬ್ಬು ಗಂಟಿಕ್ಕುತ್ತಾರೆ. ನಾನು ಇಂದು ಹೇಳಬೇಕೆಂದಿರುವುದು ಇದಕ್ಕೆ ತಿರುವುಮುರುವಾದ ಇನ್ನೊಂದು ಡೊನೇಷನ್ನಿನ ವಿಷಯ. ಅದು ವಿದ್ಯಾರ್ಥಿಯಿಂದ ಕಾಲೇಜಿಗೆ ಹೋಗುವ ಹಣವಲ್ಲ. ಸಮಾಜದಿಂದ ವಿದ್ಯಾರ್ಥಿಯ ಕೈಗೆ ಬರುವ ಹಣ. ಅವನು ಪುಸ್ತಕವನ್ನು ಪಕ್ಕಕ್ಕಿಟ್ಟು, ಕಬ್ಬಿಣವನ್ನೋ ತಂತಿಯನ್ನೋ ಕೈಗೆ ತೆಗೆದುಕೊಂಡು, ಏನನ್ನಾದರೂ ಮಾಡಿ ನೋಡಲೆಂದು ಕೊಡುವ ಹಣ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯವೇಕೆ ಎಂದು ನೀವು ಕೇಳಬಹುದು. ನಾನು ವಾಸವಾಗಿರುವುದು ಬೆಂಗಳೂರಿನ ಪೂರ್ವಕ್ಕಿರುವ ಮಹದೇವಪುರದಲ್ಲಿ. ನಮ್ಮ ಸುತ್ತ ಕೃಷ್ಣರಾಜಪುರ, ಮಾರತ್ತಹಳ್ಳಿ, ಕುಂದಲಹಳ್ಳಿ, ಚನ್ನಸಂದ್ರ ಎಲ್ಲ ಕಡೆಯೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಬೆಳಿಗ್ಗೆ ಬಸ್ಸು ಹತ್ತಿದರೆ ಅರ್ಧ ಬಸ್ಸು ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳೇ. ಅವರಲ್ಲಿ ಹಲವರು ಕೋಲಾರ, ಚಿಂತಾಮಣಿ, ಹೊಸಕೋಟೆಯ ಕಡೆಯ ಹಳ್ಳಿಗಳಿಂದ ಬಂದವರು; ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ನೆರೆಹೊರೆಯ ಇಂಥ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯ ಭಾಷೆಯನ್ನು ತಿದ್ದಿಸಿಕೊಳ್ಳಲು ನನ್ನ ಬಳಿಗೆ ಬರುವುದುಂಟು. ಭಾಷೆಯನ್ನು ತಿದ್ದುತ್ತ ತಿದ್ದುತ್ತ, ಆ ವರದಿಗಳ ಹಿಂದೆ ಏನು ನಡೆದಿದೆ, ಏನು ನಡೆದಿಲ್ಲ ಎಂಬುದು ನನಗೂ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು.

ಈ ಪೂರ್ವಭಾಗದ ಬೆಂಗಳೂರಿಗೆ ಯಂತ್ರದ ಸದ್ದು ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಇಲ್ಲಿ ವಿಮಾನ ಕಾರ್ಖಾನೆಯನ್ನು ಕಟ್ಟಿದರು. ಅದೇ ಇಂದಿನ ಎಚ್.ಎ.ಎಲ್. 1948ರಲ್ಲಿ ದೂರವಾಣಿನಗರದ ಐ.ಟಿ.ಐ. ಬಂತು. ಬೈಯಪ್ಪನಹಳ್ಳಿಯ ಬಳಿ ಎನ್.ಜಿ.ಇ.ಎಫ್. ಬಂತು. ಕಾರ್ಖಾನೆಯ ನೆರೆ ವಿದ್ಯೆಗೆ ಎಷ್ಟು ಹಿತವೆಂಬುದಕ್ಕೆ ಒಂದು ನಿದರ್ಶನ ಸಾಕು. ವಿಮಾನ ಕಾರ್ಖಾನೆ ಬಂದ ಎರಡು ವರ್ಷಕ್ಕೆ, 1942ರಲ್ಲಿ, ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ಪ್ರಾರಂಭವಾಯಿತು. ಅದನ್ನು ಕಟ್ಟಿದ ವಿ. ಎಂ. ಘಾಟಗೆಯವರೇ ಮುಂದೆ ಕಾರ್ಖಾನೆಗೆ ಹೋಗಿ, 1951ರಲ್ಲಿ ಆಕಾಶಕ್ಕೇರಿದ ಎಚ್.ಟಿ.–2 ಎಂಬ ತರಬೇತಿ ವಿಮಾನದ ವಿನ್ಯಾಸವನ್ನು ಮಾಡಿದರು. ಕರಿಹಲಗೆಗೂ ಕಮ್ಮಟಕ್ಕೂ ನಡುವೆ ಆಗ ಬಹಳ ದೂರವಿರಲಿಲ್ಲ.

ಈಗ ಆ ದೂರ ಹೆಚ್ಚಿದೆ. ಎನ್.ಜಿ.ಇ.ಎಫ್. ಮುಚ್ಚಿಹೋಗಿ ವರ್ಷಗಳಾದುವು. ವೈಟ್‌ಫೀಲ್ಡ್ ರಸ್ತೆಯ ಒಂದು ನಿಲ್ದಾಣವನ್ನು ಜನ ಇಂದಿಗೂ ‘ಗ್ರಾಫೈಟ್ ಇಂಡಿಯಾ’ ಎಂದೇ ಕರೆಯುತ್ತಾರೆ. ಕಾರ್ಖಾನೆಯ ಕೆಲಸ 2019ರಲ್ಲಿಯೇ ನಿಂತಿತು. ಅವುಗಳ ಸುತ್ತ ಗಾಜಿನ ಕಟ್ಟಡಗಳೆದ್ದಿವೆ. ಅಲ್ಲಿ ನಡೆಯುವ ಕೆಲಸ ಕೀಳಲ್ಲ. ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಆದರೆ ಅದು ಕಣ್ಣಿಗೆ ಕಾಣುವ ಕೆಲಸವಲ್ಲ. ಕಾಲೇಜಿಗೆ ಹೋಗುವ ದಾರಿಯಲ್ಲಿ ಹುಡುಗನಿಗೆ ತಿರುಗುವ ಲೇತ್ ಕಾಣುವುದಿಲ್ಲ, ಎರಕ ಹೊಯ್ಯುವುದು ಕಾಣುವುದಿಲ್ಲ. ಹಾಗಾಗಿ ಅವನು ಯಂತ್ರವನ್ನು ಮುಟ್ಟಬೇಕಾದರೆ ಕಾಲೇಜಿನೊಳಗೇ ಮುಟ್ಟಬೇಕು. ಅಲ್ಲಿ ಮುಟ್ಟಲು ಹಣ ಬೇಕು. ಆ ಹಣ ಯಾರದು ಎಂಬುದೇ ಪ್ರಶ್ನೆ.

ಸಾಹಿತ್ಯವನ್ನು ಬಲ್ಲ ನಿಮಗೆ ಈ ಹಣದ ಅಗತ್ಯವನ್ನು ಒಂದು ಹೋಲಿಕೆಯಿಂದ ಹೇಳುತ್ತೇನೆ. ಕವಿ ಒಂದು ಪದ್ಯವನ್ನು ಬರೆಯುತ್ತಾನೆ; ಹಿಡಿಸುವುದಿಲ್ಲ, ಹರಿದೆಸೆಯುತ್ತಾನೆ; ಮತ್ತೆ ಬರೆಯುತ್ತಾನೆ. ಹತ್ತನೆಯ ಸಲ ಅದು ಪದ್ಯವಾಗುತ್ತದೆ. ಹರಿದ ಒಂಬತ್ತು ಹಾಳೆಗಳ ಬೆಲೆ ಕೆಲವು ಕಾಸು. ಯಂತ್ರವನ್ನು ಮಾಡುವವನದೂ ಇದೇ ಹಾದಿ. ಆದರೆ ಅವನು ತಪ್ಪಾಗಿ ಕೊಯ್ದ ಉಕ್ಕಿನ ಹಲಗೆ ಮತ್ತೆ ಕೂಡುವುದಿಲ್ಲ. ಸುಟ್ಟುಹೋದ ಮೋಟಾರು ಮತ್ತೆ ತಿರುಗುವುದಿಲ್ಲ. ಅವನ ಚಿತ್ತುಗಳಿಗೆ ಬೆಲೆಯುಂಟು. ಆ ಬೆಲೆಯನ್ನು ತೆರುವವರಿಲ್ಲದಿದ್ದರೆ ಅವನು ಮೊದಲನೆಯ ಸಲವೇ ಸರಿಯಾಗಿ ಮಾಡಬೇಕು. ಮೊದಲನೆಯ ಸಲವೇ ಸರಿಯಾಗಿ ಮಾಡಬಲ್ಲದ್ದು, ಇನ್ನೊಬ್ಬರು ಆಗಲೇ ಮಾಡಿಟ್ಟದ್ದನ್ನು ಮಾತ್ರ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿ. ನಾಲ್ವರು ವಿದ್ಯಾರ್ಥಿಗಳು ಸೇರಿ ಸಣ್ಣ ಹಿಡುವಳಿದಾರರಿಗಾಗಿ ರಾಗಿ ಬಡಿಯುವ ಒಂದು ಪುಟ್ಟ ಯಂತ್ರವನ್ನು ಮಾಡಲು ಹೊರಟಿದ್ದಾರೆ. ತೆನೆಯನ್ನು ಉಜ್ಜಲು ಒಂದು ತಿರುಗುವ ಉರುಳೆ ಬೇಕು, ಅದರ ಸುತ್ತ ಒಂದು ಜಾಲರಿ ಬೇಕು, ತಿರುಗಿಸಲು ಮೋಟಾರು ಬೇಕು. ಉರುಳೆ ಬಹಳ ವೇಗವಾಗಿ ತಿರುಗಿದರೆ ಕಾಳು ನುಚ್ಚಾಗುತ್ತದೆ. ನಿಧಾನವಾದರೆ ಸಿಪ್ಪೆ ಬಿಡುವುದಿಲ್ಲ. ಜಾಲರಿಯ ಕಣ್ಣು ದೊಡ್ಡದಾದರೆ ಹೊಟ್ಟೂ ಕಾಳಿನೊಡನೆ ಬೀಳುತ್ತದೆ, ಚಿಕ್ಕದಾದರೆ ಕಟ್ಟಿಕೊಳ್ಳುತ್ತದೆ. ಉರುಳೆಗೂ ಜಾಲರಿಗೂ ನಡುವೆ ಎಷ್ಟು ಎಡೆಯಿರಬೇಕೆಂಬುದು ತೆನೆಯ ಒಣಗನ್ನು ಅನುಸರಿಸಿ ಬದಲಾಗುತ್ತದೆ. ಲೆಕ್ಕ ಹಾಕಿ ಒಂದು ಅಂದಾಜಿಗೆ ಬರಬಹುದು. ಆಮೇಲೆ ಮಾಡಿಯೇ ನೋಡಬೇಕು. ಎರಡು ಉರುಳೆಗಳೂ ಮೂರು ಜಾಲರಿಗಳೂ ಹಾಳಾದ ಮೇಲೆ ನಾಲ್ಕನೆಯದು ಕೆಲಸಕ್ಕೆ ಬರಬಹುದು. ಹಾಳಾದ ಆ ಐದು ತುಂಡುಗಳಲ್ಲಿಯೇ ಅವರ ವಿದ್ಯೆಯಿದೆ.

ಆ ನಾಲ್ವರಲ್ಲಿ ಒಬ್ಬ ಹಳ್ಳಿಯವನೆಂದು ಇಟ್ಟುಕೊಳ್ಳಿ. ಕಣದಲ್ಲಿ ರೋಣಗಲ್ಲು ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದವನು ಅವನೊಬ್ಬನೇ. ತೆನೆ ಎಷ್ಟು ಒಣಗಿದರೆ ಕಾಳು ಉದುರುತ್ತದೆಂಬುದನ್ನು ಬೆರಳಲ್ಲಿ ಉಜ್ಜಿ ಹೇಳಬಲ್ಲವನೂ ಅವನೇ. ಆದರೆ ಬಿಡಿಭಾಗಗಳಿಗೆ ಅವನು ಹಣ ಹಾಕಲಾರ. ಹಣ ಹಾಕಿದ ಗೆಳೆಯನೇ ಯಂತ್ರದ ಯಜಮಾನನಾಗುತ್ತಾನೆ; ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಅವನ ಮಾತು. ಹಳ್ಳಿಯ ಹುಡುಗನ ಪಾಲಿಗೆ ಬರುವುದು ವರದಿ ಬರೆಯುವ ಕೆಲಸ. ಅದೂ ಇಂಗ್ಲಿಷಿನಲ್ಲಿ, ಅವನಿಗೆ ಅತ್ಯಂತ ಕಷ್ಟವಾದ ಕೆಲಸ. ನನ್ನ ಬಳಿಗೆ ಭಾಷೆ ತಿದ್ದಿಸಲು ಬರುವವರು ಹೆಚ್ಚಾಗಿ ಇವರೇ. ನೀನು ಇದರಲ್ಲಿ ಏನನ್ನು ಮಾಡಿದೆಯಪ್ಪಾ ಎಂದು ಕೇಳಿದರೆ, ‘ಡಾಕ್ಯುಮೆಂಟೇಷನ್, ಸಾರ್’ ಎನ್ನುತ್ತಾರೆ.

ನಾಲ್ವರಲ್ಲಿ ಯಾರಿಗೂ ಹಣ ಹೊಂದದಿದ್ದರೆ ಇನ್ನೊಂದು ದಾರಿಯಿದೆ. ಸಾದರ ಪಟ್ರಪ್ಪ ರಸ್ತೆ ಎಂದರೆ ಬೆಂಗಳೂರಿಗರಿಗೆ ಗೊತ್ತು; ಎಸ್.ಪಿ. ರೋಡ್ ಎಂದರೆ ಇನ್ನೂ ಬೇಗ ಗೊತ್ತು. ಅಲ್ಲಿಯ ಸಾಲು ಅಂಗಡಿಗಳಲ್ಲಿ ಬಿಡಿಭಾಗಗಳಿಗಾಗಿ ಗಂಟೆಗಟ್ಟಲೆ ಅಲೆದು ಚೌಕಾಸಿ ಮಾಡುವುದೇ ವಿದ್ಯಾರ್ಥಿಗೆ ಒಂದು ಪಾಠ. ಆದರೆ ನಗರದಲ್ಲಿ ಬಿಡಿಭಾಗಗಳನ್ನಲ್ಲದೆ, ಪ್ರಾಜೆಕ್ಟನ್ನೇ ಇಡಿಯಾಗಿ ಮಾಡಿ, ವರದಿಯನ್ನೂ ಅಚ್ಚು ಹಾಕಿಸಿ ಮಾರುವವರೂ ಇದ್ದಾರೆ. ನಾಲ್ಕು ಪಾಲು ಹಾಕಿ ಅದನ್ನು ಕೊಳ್ಳುವುದು, ನಾಲ್ಕು ಸಲ ಕೆಡಿಸಿ ತಾನೇ ಮಾಡುವುದಕ್ಕಿಂತ ಅಗ್ಗ. ಈ ಮಕ್ಕಳನ್ನು ಸೋಮಾರಿಗಳೆಂದು ಬಯ್ಯುವುದು ಸುಲಭ. ಕೆಡಿಸಲು ಅವರ ಕೈಯಲ್ಲಿ ಕಾಸಿಲ್ಲವೆಂಬುದನ್ನೂ ನಾವು ನೋಡಬೇಕು. ಹೀಗೆ ಪದವಿ ಪಡೆದವನು ಮುಂದೆ ಸೇತುವೆಯ ಅಥವಾ ಲಿಫ್ಟಿನ ಉಸ್ತುವಾರಿಗೆ ಬಂದಾಗ, ಅದರ ಮೇಲೆ ನಡೆಯುವವರೂ ಅದರಲ್ಲಿ ಹತ್ತುವವರೂ ನಾವು.

ವಿದ್ಯೆಗೆ ದಾನ ಕೊಡುವುದು ನಮಗೆ ಹೊಸದಲ್ಲ. ಆದರೆ ಯಾವುದಕ್ಕೆಂದು ಕೊಡಬೇಕೆಂಬುದನ್ನು ನಮ್ಮ ಹಿರಿಯರು ನಮಗಿಂತ ಚೆನ್ನಾಗಿ ಯೋಚಿಸಿದ್ದರು. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಅಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳು ಏರ್ಪಟ್ಟುವು. ಗುರುವಿನ ಜೀವನಕ್ಕೆ ಭೂಮಿಯನ್ನು ಬಿಟ್ಟರು. ಇಷ್ಟಾದರೆ ಇದು ಎಲ್ಲ ಕಾಲದ ಎಲ್ಲ ದಾನಗಳ ಹಾಗೆಯೇ. ಆದರೆ ಅವರು ದೀಪದ ಖರ್ಚಿಗೆಂದೇ ಬೇರೆಯಾಗಿ 12 ನಿವರ್ತನ ಭೂಮಿಯನ್ನು ಬಿಟ್ಟರು. ಅಲ್ಲದೆ ಊರಿನಲ್ಲಿ ಮದುವೆಯಾದರೆ 5 ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಆ ಶಾಲೆಗೆ ಸಲ್ಲಿಸಬೇಕೆಂದು ಗೊತ್ತುಮಾಡಿದರು.

ಕಟ್ಟಡ ಒಂದು ಸಲ ಕಟ್ಟಿದರೆ ನಿಲ್ಲುತ್ತದೆ. ದೀಪಕ್ಕೆ ಎಣ್ಣೆಯನ್ನು ದಿನವೂ ಹೊಯ್ಯಬೇಕು. ಹೊಯ್ದ ಎಣ್ಣೆ ಉರಿದುಹೋಗುತ್ತದೆ. ಅದರ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು. ಆದರೂ ಎಣ್ಣೆಯಿಲ್ಲದಿದ್ದರೆ ಕಟ್ಟಡದಲ್ಲಿ ಓದು ಸಾಗುವುದಿಲ್ಲವೆಂದು ಸಾಲೋಟಗಿಯವರು ಬಲ್ಲವರಾಗಿದ್ದರು. ಇಂದಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ಎಣ್ಣೆಯ ಸ್ಥಾನದಲ್ಲಿರುವುದು ಬೆಸುಗೆಯ ಕಡ್ಡಿ, ಉಕ್ಕಿನ ಹಲಗೆ, ಸುಟ್ಟುಹೋಗುವ ಮೋಟಾರು, ಸವೆದುಹೋಗುವ ಉಳಿ. ಸಭಾಂಗಣಕ್ಕೆ, ಹೆಬ್ಬಾಗಿಲಿಗೆ, ಗ್ರಂಥಾಲಯದ ಮಹಡಿಗೆ ದಾನಿಗಳು ಸಿಗುತ್ತಾರೆ. ಗೋಡೆಯ ಮೇಲೆ ಅಮೃತಶಿಲೆಯ ಫಲಕವೂ ಬೀಳುತ್ತದೆ. ಕೆಡುವ ಕಬ್ಬಿಣಕ್ಕೆ ದಾನಿ ಸಿಗುವುದು ಕಷ್ಟ.

ಹಾಗೆಂದು ನಮ್ಮ ನಾಡಿನಲ್ಲಿ ಕೈಕೆಲಸದ ವಿದ್ಯೆಗೆ ಕೊಟ್ಟವರೇ ಇಲ್ಲವೆಂದಲ್ಲ. ಬೆಂಗಳೂರಿನ ವಿಜ್ಞಾನ ಮಂದಿರ ಜಮ್‌ಸೆಟ್‌ಜಿ ತಾತಾ ಅವರ ದಾನದಿಂದ ಹುಟ್ಟಿದ್ದು. ಅವರು 1904ರಲ್ಲಿ ತೀರಿಕೊಂಡರು. ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ, ಮೊದಲ ವಿದ್ಯಾರ್ಥಿಗಳು ಬಂದದ್ದು 1911ರಲ್ಲಿ. ಫಲವನ್ನು ಕೊಟ್ಟವರು ಕಾಣಲೇ ಇಲ್ಲ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ 371 ಎಕರೆ ಭೂಮಿಯನ್ನಿತ್ತರು. ಅಲ್ಲಿ ಆರಂಭವಾದ ಮೊದಲ ವಿಭಾಗಗಳು ರಸಾಯನಶಾಸ್ತ್ರದವು ಮತ್ತು ವಿದ್ಯುತ್ತಿನವು. 1916ರ ಸುಮಾರಿಗೆ ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಪ್ರಯೋಗಗಳು ಅಲ್ಲಿಯ ಪ್ರಯೋಗಶಾಲೆಯಲ್ಲಿ ನಡೆದುವು. ಮೈಸೂರಿನ ಗಂಧದೆಣ್ಣೆಯ ಉದ್ಯಮ ಬೆಳೆದದ್ದು ಅದರಿಂದ.

ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದ್ದು ದಿವಾನರಾಗಿ, ಸರ್ಕಾರದ ಹಣದಿಂದ. ಅವರ ಇನ್ನೊಂದು ಕೆಲಸ ಇಷ್ಟು ಪ್ರಸಿದ್ಧವಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಮಾಡಿದ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ತರುಣರಿಗೆ ಕಸುಬುಗಳನ್ನು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗವಾಗಲೆಂದರು. 1943ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಬಂದ ಹೆಸರು ಮಹಾರಾಜ ಜಯಚಾಮರಾಜೇಂದ್ರರದು, ಹಣ ಕೊಟ್ಟವರದಲ್ಲ. ಇಂದು ನಾವು ಎಸ್.ಜೆ. ಪಾಲಿಟೆಕ್ನಿಕ್ ಎಂದು ಕರೆಯುವುದು ಇದನ್ನೇ. ಅಲ್ಲಿ ಕಲಿಸಿದ ಕಸುಬುಗಳಲ್ಲಿ ಚಲನಚಿತ್ರದ ಛಾಯಾಗ್ರಹಣವೂ ಒಂದು. ‘ಪ್ಯಾಸಾ’, ‘ಕಾಗಜ್ ಕೆ ಫೂಲ್’ ಚಿತ್ರಗಳ ಬೆಳಕನ್ನೂ ನೆರಳನ್ನೂ ಹಿಡಿದ ಮೈಸೂರಿನ ವಿ. ಕೆ. ಮೂರ್ತಿಯವರು ಕ್ಯಾಮೆರಾ ಹಿಡಿಯಲು ಕಲಿತದ್ದು ಅಲ್ಲಿಯೇ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಕಬ್ಬಿಣದ ಕಾರ್ಖಾನೆಯ ಸಂಬಳ ಎಲ್ಲಿ, ಬೆಳ್ಳಿತೆರೆಯ ಮೇಲಿನ ಬೆಳಕಿನ ಕೋಲು ಎಲ್ಲಿ! ಕೊಟ್ಟ ಹಣ ಯಾವ ಕೈಯಲ್ಲಿ ಏನಾಗುತ್ತದೆಂದು ಕೊಡುವಾಗ ಹೇಳಲಾಗದು.

ಇವೆಲ್ಲ ದೊಡ್ಡವರ ದೊಡ್ಡ ದಾನಗಳು. ಸಣ್ಣ ಮೊತ್ತದಿಂದ ಏನಾಗಬಲ್ಲದೆಂಬುದಕ್ಕೂ ನಮ್ಮಲ್ಲಿ ಬಹುಕಾಲದ ಒಂದು ನಿದರ್ಶನವಿದೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ವಿಜ್ಞಾನ ಮಂದಿರದ ಆವರಣದಲ್ಲಿಯೇ ಇದೆ. 1977ರಿಂದ ಅದು ವಿದ್ಯಾರ್ಥಿ ಪ್ರಾಜೆಕ್ಟುಗಳ ಒಂದು ಯೋಜನೆಯನ್ನು ನಡೆಸುತ್ತ ಬಂದಿದೆ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ತಾವು ಮಾಡಬೇಕೆಂದಿರುವುದನ್ನು ಬರೆದು ಕಳುಹಿಸುತ್ತಾರೆ. ಬಲ್ಲವರು ಅದನ್ನು ಪರಿಶೀಲಿಸುತ್ತಾರೆ. ಆಯ್ಕೆಯಾದ ತಂಡಗಳಿಗೆ ಕೆಲವು ಸಾವಿರ ರೂಪಾಯಿಗಳ ನೆರವು ದೊರೆಯುತ್ತದೆ. ಕೆಲಸ ನಡೆಯುತ್ತಿರುವಾಗ ಹೋಗಿ ನೋಡಿ ಸಲಹೆ ಕೊಡುತ್ತಾರೆ. ಕಡೆಗೆ ಉತ್ತಮವಾದುವುಗಳ ಪ್ರದರ್ಶನ ನಡೆಯುತ್ತದೆ. ಇದು ಸಾರ್ವಜನಿಕ ಹಣ, ದಾನವಲ್ಲ. ಆದರೆ ದಾನಿಗಳು ಇದರಿಂದ ಕಲಿಯಬೇಕಾದ ಪಾಠವೊಂದಿದೆ: ಹಣ ಸಣ್ಣದಾಗಿರಬಹುದು, ಅದು ವಿಷಯವನ್ನು ನೋಡಿ ಬರಬೇಕು, ಮತ್ತು ವರ್ಷ ವರ್ಷವೂ ತಪ್ಪದೆ ಬರಬೇಕು.

ಹಲವರು ಕೂಡಿ ಹಣ ಹಾಕಿದರೆ ಎಷ್ಟು ಎತ್ತರಕ್ಕೆ ಹೋಗಬಹುದೆಂಬುದನ್ನು 2010ರ ಜುಲೈ 12ರಂದು ನಾಡು ಕಂಡಿತು. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ ‘ಸ್ಟಡ್‌ಸ್ಯಾಟ್’ ಎಂಬ ಪುಟ್ಟ ಉಪಗ್ರಹ ಅಂದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ರಾಕೆಟ್ಟಿನ ಮೇಲೇರಿ ಕಕ್ಷೆಯನ್ನು ಸೇರಿತು. ಅದರ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ. ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯ ಮುಂದಾಳಾಗಿ ನಿಂತು, ಭೂಮಿಯ ಮೇಲಿನ ನಿಲ್ದಾಣವನ್ನೂ ತನ್ನಲ್ಲಿಯೇ ಕಟ್ಟಿತು. ಇಸ್ರೋ ಸಂಸ್ಥೆ ಮಾರ್ಗದರ್ಶನವನ್ನೂ ರಾಕೆಟ್ಟಿನಲ್ಲಿ ಜಾಗವನ್ನೂ ಕೊಟ್ಟಿತು. ಈ ಜಾಗ ಕೊಟ್ಟದ್ದನ್ನು ಗಮನಿಸಬೇಕು. ಹಣವೊಂದೇ ದಾನವಲ್ಲ, ವಿದ್ಯಾರ್ಥಿಗೆ ಯಾವ ಬೆಲೆಗೂ ಪೇಟೆಯಲ್ಲಿ ಸಿಗದ ಸೌಕರ್ಯವನ್ನು ಅದು ಇರುವವರು ಬಿಟ್ಟುಕೊಟ್ಟರೆ ಅದೂ ದಾನವೇ.

ಈಗ ಈ ದಾನಗಳು ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊದಲನೆಯದು ದತ್ತಿನಿಧಿ. ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಖರ್ಚು ಮಾಡುವ ಕ್ರಮ ಇದು; ಸಾಲೋಟಗಿಯ ಭೂಮಿಯ ಹಾಗೆ. ಹಳೆಯ ವಿದ್ಯಾರ್ಥಿಗಳು ಕೂಡಿ 10 ಲಕ್ಷ ರೂಪಾಯಿಗಳ ನಿಧಿಯನ್ನು ಇಟ್ಟರೆನ್ನಿ. ಶೇಕಡ 7ರ ಬಡ್ಡಿ ಬಂದರೆ ವರ್ಷಕ್ಕೆ 70,000 ರೂಪಾಯಿ. ಬೆಲೆಗಳು ಏರುತ್ತಿರುವುದರಿಂದ ಅದರಲ್ಲಿ 20,000ವನ್ನು ಮೂಲಧನಕ್ಕೇ ಸೇರಿಸಬೇಕು; ಇಲ್ಲವಾದರೆ ಹತ್ತು ಹದಿನೈದು ವರ್ಷಗಳಲ್ಲಿ ನಿಧಿಯ ಹೆಸರು ಉಳಿದು ಬೆಲೆ ಹೋಗಿರುತ್ತದೆ. ಉಳಿದ 50,000ದಲ್ಲಿ ತಲಾ 10,000ದಂತೆ ಐದು ತಂಡಗಳಿಗೆ ಹಂಚಬಹುದು. ತಂಡಕ್ಕೆ ನಾಲ್ವರಂತೆ 20 ವಿದ್ಯಾರ್ಥಿಗಳು. ದಾನಿಗಳು ಹೋದ ಮೇಲೂ ವರ್ಷಕ್ಕೆ 20 ವಿದ್ಯಾರ್ಥಿಗಳು ತಮ್ಮ ಉರುಳೆಗಳನ್ನೂ ಜಾಲರಿಗಳನ್ನೂ ನಿಶ್ಚಿಂತೆಯಿಂದ ಕೆಡಿಸುತ್ತಿರುತ್ತಾರೆ.

ಎರಡನೆಯದು ವರ್ಷಾವಧಿಯ ಪ್ರಾಯೋಜನೆ. ಸ್ಪರ್ಧೆಗಾಗಿ ವಾಹನವನ್ನು ಕಟ್ಟುವ ತಂಡಗಳು ನಡೆಯುವುದು ಬಹುಮಟ್ಟಿಗೆ ಇದರಿಂದ. ವಿದ್ಯಾರ್ಥಿಗಳೇ ಕಟ್ಟಿದ ವಾಹನಗಳನ್ನು ಕಲ್ಲುಮಣ್ಣಿನ ದಾರಿಯಲ್ಲಿ ಓಡಿಸುವ ‘ಬಾಹಾ’ ಎಂಬ ಸ್ಪರ್ಧೆ ಅಮೆರಿಕದಲ್ಲಿ ಹುಟ್ಟಿ, 2007ರಲ್ಲಿ ನಮ್ಮ ದೇಶಕ್ಕೂ ಬಂತು. ಇಂಥ ವಾಹನಗಳ ಮೈಮೇಲೆ ಅಂಟಿಸಿರುವ ಹೆಸರುಗಳನ್ನು ಓದಿದರೆ ಅದರ ವಂಶಾವಳಿಯೇ ತಿಳಿಯುತ್ತದೆ: ಒಬ್ಬರು ಕೊಳವೆ ಕೊಟ್ಟವರು, ಒಬ್ಬರು ಚಕ್ರ ಕೊಟ್ಟವರು, ಒಬ್ಬರು ತಮ್ಮ ಕಾರ್ಖಾನೆಯ ಯಂತ್ರವನ್ನು ರಾತ್ರಿಯ ಪಾಳಿಯಲ್ಲಿ ಬಿಟ್ಟುಕೊಟ್ಟವರು. ಹೀಗೆ ಕೇಳಲು ಹೋಗುವುದರಲ್ಲಿಯೂ ವಿದ್ಯಾರ್ಥಿಗೆ ಕಲಿಕೆಯುಂಟು. ತಾನು ಮಾಡಬೇಕೆಂದಿರುವುದನ್ನು ಹೊರಗಿನವರಿಗೆ ತಿಳಿಯುವ ಮಾತಿನಲ್ಲಿ ಹೇಳಲಾರದವನಿಗೆ ಅದು ಸ್ವತಃ ತಿಳಿದಿಲ್ಲವೆಂದೇ ಅರ್ಥ.

ಮೂರನೆಯದು ಕಾಯಿದೆಯ ಮೂಲಕ ಬರುವ ಹಣ. 2013ರ ಕಂಪನಿಗಳ ಕಾಯಿದೆಯ ಪ್ರಕಾರ, ಒಂದು ಮಿತಿಯನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ಶೇಕಡ 2ನ್ನು ಸಮಾಜದ ಕೆಲಸಗಳಿಗೆ ವ್ಯಯಮಾಡಬೇಕು. ವಿದ್ಯಾಭ್ಯಾಸವೂ ಆ ಪಟ್ಟಿಯಲ್ಲಿದೆ. ನಮ್ಮ ಮಹದೇವಪುರದ ಗಾಜಿನ ಕಟ್ಟಡಗಳಲ್ಲಿ ಇಂಥ ಕಂಪನಿಗಳು ಎಷ್ಟೋ ಇವೆ. ಅವುಗಳ ಕಿಟಕಿಯಿಂದ ಕಾಣುವಷ್ಟು ಹತ್ತಿರದಲ್ಲಿ ಕಾಲೇಜುಗಳೂ ಇವೆ. ಇವೆರಡರ ನಡುವೆ ಇರುವುದು ಒಂದು ರಸ್ತೆ. ಆ ರಸ್ತೆಯನ್ನು ದಾಟಲು ಮೆಟ್ರೋ ಬೇಡ.

ನಾಲ್ಕನೆಯದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಬಾರದು. ಅದು ಬಲ್ಲವರ ಸಮಯ. ಐ.ಟಿ.ಐ.ಯಲ್ಲಿಯೋ ಎಚ್.ಎ.ಎಲ್.ನಲ್ಲಿಯೋ ಮೂವತ್ತು ವರ್ಷ ಲೇತಿನ ಮುಂದೆ ನಿಂತು ನಿವೃತ್ತರಾದ ಎಷ್ಟೋ ಮಂದಿ ನಮ್ಮ ಬಡಾವಣೆಗಳಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಪತ್ರಿಕೆ ಓದುತ್ತಿದ್ದಾರೆ. ಲೋಹ ಕೊಯ್ಯುವ ಸದ್ದು ಕೇಳಿಯೇ ಉಳಿ ಮೊಂಡಾಯಿತೆಂದು ಹೇಳಬಲ್ಲ ಕಿವಿ ಅವರದು. ಅವರ ಕೈಯಲ್ಲಿರುವ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ವಾರಕ್ಕೊಂದು ಮಧ್ಯಾಹ್ನ ಅವರು ಕಾಲೇಜಿನ ಕಾರ್ಯಾಗಾರಕ್ಕೆ ಹೋಗಿ ಹುಡುಗರ ಪಕ್ಕದಲ್ಲಿ ನಿಂತರೆ, ಅದು ಬಹು ದೊಡ್ಡ ದಾನ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಕಾಲೇಜುಗಳು ಇಷ್ಟೊಂದು ಶುಲ್ಕವನ್ನು ತೆಗೆದುಕೊಳ್ಳುವಾಗ ಕಬ್ಬಿಣದ ಖರ್ಚನ್ನು ಅವೇ ಏಕೆ ಕೊಡಬಾರದು, ಜನರನ್ನು ಏಕೆ ಕೇಳಬೇಕು ಎಂದು ಹಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾರ್ಯಾಗಾರವನ್ನು ಇಡುವುದು, ಅದಕ್ಕೆ ತಕ್ಕ ಸಿಬ್ಬಂದಿಯನ್ನು ನೇಮಿಸುವುದು ಕಾಲೇಜಿನ ಹೊಣೆ. ದಾನ ಬಂದಿತೆಂದು ಅದರಿಂದ ನುಣುಚಿಕೊಳ್ಳಲು ಬಿಡಕೂಡದು. ಆದರೆ ಕಾಲೇಜಿನ ಆಯವ್ಯಯ ಪತ್ರದಲ್ಲಿ ‘ಕೆಡಿಸುವುದಕ್ಕೆ’ ಎಂಬ ಬಾಬ್ತು ಇರುವುದಿಲ್ಲ. ಲೆಕ್ಕ ತನಿಖೆಗೆ ಬಂದವರು ಹಾಳಾದ ಉರುಳೆಯನ್ನು ಕಂಡರೆ ಯಾರು ಹೊಣೆಯೆಂದು ಕೇಳುತ್ತಾರೆ. ದಾನಿಯೊಬ್ಬನೇ ‘ಇದು ಹಾಳಾದರೂ ಚಿಂತೆಯಿಲ್ಲ’ ಎಂದು ಹೇಳಬಲ್ಲವನು. ಆ ಒಂದು ಮಾತನ್ನು ಹೇಳುವ ಸ್ವಾತಂತ್ರ್ಯ ದಾನದ ಹಣಕ್ಕಿದೆ. ಬೇರೆ ಹಣಕ್ಕೆ ಇಲ್ಲ.

ಆದುದರಿಂದ ಕೊಡುವವರು ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು. ಒಂದು, ಗೆಲುವನ್ನು ಕೇಳಕೂಡದು; ಲೆಕ್ಕವನ್ನು ಕೇಳಬೇಕು. ಬಹುಮಾನ ಬಂತೇ ಎಂದು ಕೇಳುವ ದಾನಿ, ಮಕ್ಕಳನ್ನು ಮತ್ತೆ ಸಿದ್ಧ ಪ್ರಾಜೆಕ್ಟುಗಳ ಅಂಗಡಿಗೆ ಅಟ್ಟುತ್ತಾನೆ. ಯಾವುದು ಕೆಟ್ಟಿತು, ಏಕೆ ಕೆಟ್ಟಿತು, ಮತ್ತೆ ಏನು ಮಾಡಿದಿರಿ ಎಂದು ಕೇಳಬೇಕು. ಎರಡು, ತಂಡದ ಪ್ರತಿಯೊಬ್ಬರೂ ಉಪಕರಣವನ್ನು ಹಿಡಿದರೇ ಎಂದು ವಿಚಾರಿಸಬೇಕು. ಹಳ್ಳಿಯ ಹುಡುಗನಿಗೂ ಹೆಣ್ಣುಮಕ್ಕಳಿಗೂ ವರದಿಯ ಕೆಲಸವನ್ನಷ್ಟೇ ಹಂಚಿ, ಬೆಸುಗೆಯ ಕೋಲನ್ನು ಉಳಿದವರೇ ಹಿಡಿದರೆ ದಾನ ಅರ್ಧ ವ್ಯರ್ಥ. ಮೂರು, ಕನ್ನಡಕ, ಕೈಗವಸು, ಬೆಂಕಿಯಾರಿಸುವ ಸಾಧನಗಳ ಖರ್ಚನ್ನು ಮೊದಲು ಕೊಡಬೇಕು. ಕಬ್ಬಿಣ ಕೆಡಬಹುದು, ಕಣ್ಣು ಕೆಡಬಾರದು.

ನಾಲ್ಕನೆಯ ಮಾತು ವಸ್ತುರೂಪದ ದಾನದ್ದು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಗಾದೆಯಿದೆ. ಪುಕ್ಕಟೆ ಬಂದದ್ದನ್ನು ಅಳೆದು ನೋಡುವವನನ್ನು ಆಡಿಕೊಳ್ಳುವ ಮಾತು. ಕಾಲೇಜುಗಳು ಮಾತ್ರ ಧೈರ್ಯವಾಗಿ ಮೊಳ ಹಾಕಬೇಕು. ತಮ್ಮಲ್ಲಿ ಇಡಲು ಜಾಗವಿಲ್ಲವೆಂದು ಹಳೆಯ ಯಂತ್ರವನ್ನು ಕಾಲೇಜಿಗೆ ಸಾಗಿಸಿ ದಾನವೆನ್ನುವವರುಂಟು. ಬಿಡಿಭಾಗ ಸಿಗದ, ನಡೆಸಬಲ್ಲವರಿಲ್ಲದ ಯಂತ್ರ ದಾನವಲ್ಲ. ಜಾಗದ ಮೇಲೆ ಹೊರೆ. ಯಂತ್ರ ಕೊಡುವವರು ಅದನ್ನು ನಡೆಸುವ ಖರ್ಚನ್ನೂ, ಕಲಿಸುವವರನ್ನೂ ಒಂದೆರಡು ವರ್ಷಗಳಾದರೂ ಜೊತೆಗೆ ಕೊಡಬೇಕು. ಐದನೆಯದು, ವಿದ್ಯಾರ್ಥಿಗಳ ಕೆಲಸ ಕೊಟ್ಟವರ ಜಾಹೀರಾತಾಗಬಾರದು. ಅವರು ಕಂಡುಕೊಂಡದ್ದು ಯಾರದೆಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡುವುದು ಎರಡೂ ಕಡೆಗೆ ಕ್ಷೇಮ.

ಹನ್ನೆರಡನೆಯ ಶತಮಾನದ ಶರಣರು ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಜೋಡಿಯಾಗಿಯೇ ಬಳಕೆಗೆ ತಂದರು. ದುಡಿದು ಪಡೆದದ್ದರಲ್ಲಿಯೇ ಕೊಡಬೇಕು, ಕೊಡುವುದೂ ದುಡಿಮೆಯ ಒಂದು ಭಾಗ ಎಂಬುದು ಆ ಜೋಡಿಯ ಅರ್ಥ. ಇಲ್ಲಿ ದಾಸೋಹವೇ ಕಾಯಕವನ್ನು ಹುಟ್ಟಿಸುತ್ತದೆ. ಕೊಟ್ಟ ಹಣದಿಂದ ಒಂದು ಕೈ ಕೆಲಸ ಕಲಿಯುತ್ತದೆ; ಆ ಕೈ ನಾಳೆ ಇನ್ನೊಂದು ಕೈಗೆ ಕೊಡುತ್ತದೆ.

ಇದಕ್ಕೆ ಕೋಟ್ಯಧಿಪತಿಗಳೇ ಆಗಬೇಕಿಲ್ಲ. ಸಾಲೋಟಗಿಯಲ್ಲಿ ಮಂತ್ರಿಯೊಬ್ಬ ಶಾಲೆಯನ್ನು ಕಟ್ಟಿದ. ಅದನ್ನು ನಡೆಸಿದ್ದರಲ್ಲಿ ಮದುವೆಯ ಮನೆಯವರು ಕೊಟ್ಟ ಐದೈದು ನಾಣ್ಯಗಳ ಪಾಲೂ ಇತ್ತು. ನಮ್ಮ ಮನೆಗಳಲ್ಲಿಯೂ ಮದುವೆಗಳಾಗುತ್ತವೆ, ಮುಂಜಿಗಳಾಗುತ್ತವೆ, ಗೃಹಪ್ರವೇಶಗಳಾಗುತ್ತವೆ. ಆ ದಿನ ಹತ್ತಿರದ ಕಾಲೇಜೊಂದರ ಕಾರ್ಯಾಗಾರದ ನಿಧಿಗೆ ಒಂದು ಸಣ್ಣ ಮೊತ್ತವನ್ನು ಕಟ್ಟಿ, ರಶೀದಿ ಪಡೆದು ಬರಬಹುದು. ಅಂಥ ನಿಧಿಯಿಲ್ಲವೆಂದು ಕಾಲೇಜಿನವರು ಹೇಳಿದರೆ, ಒಂದನ್ನು ಪ್ರಾರಂಭಿಸಿ ಎಂದು ಕೇಳಬಹುದು. ಹೀಗೆ ಕೇಳುವವರು ಹತ್ತು ಮಂದಿಯಾದರೆ ಅದು ಪ್ರಾರಂಭವಾಗುತ್ತದೆ. ರಶೀದಿಯಿಲ್ಲದೆ ಎಣಿಸಿದ ಹಣದಿಂದ ಕೆಟ್ಟುಹೋದ ಒಂದು ಮಾತು, ರಶೀದಿ ಪಡೆದು ಕೊಟ್ಟ ಹಣದಿಂದ ಮತ್ತೆ ತನ್ನ ಹಳೆಯ ಅರ್ಥಕ್ಕೆ ಬಂದೀತು.